ಫತ್ವಾ ಸಾಲದು, ಲೆಕ್ಕಪತ್ರ ತೋರಿಸಿ

ಮಾನ್ಯರೇ,

‘ಹಲಾಲ್ ಹೂಡಿಕೆ, ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ ಖಚಿತ’ ಎಂದು ಯಾರಾದರೂ ಹೇಳಿದರೆ ಜನ ಮೊದಲು ವಿಚಾರಿಸುವುದು ಯಾವ ಮೌಲಾನಾ ಒಪ್ಪಿದ್ದಾರೆ ಎಂದು. ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ, ‘ಖಚಿತ’ ಎಂಬಲ್ಲಿಗೇ ವಿಷಯ ಮುಗಿಯಿತು. ಹಲಾಲ್ ಹೂಡಿಕೆಯ ಒಂದು ರೂಪವಾದ ಮುದಾರಬಾ ಒಪ್ಪಂದದಲ್ಲಿ ಹಣ ಒಬ್ಬರದು, ದುಡಿಮೆ ಇನ್ನೊಬ್ಬರದು. ಹಂಚಿಕೆಯಾಗುವುದು ಬಂದ ಲಾಭ. 10 ಲಕ್ಷ ಹಾಕಿ 70:30 ಎಂದು ಮಾತಾಗಿದ್ದು 50 ಸಾವಿರ ಲಾಭ ಬಂದರೆ ಹೂಡಿದವರಿಗೆ 35 ಸಾವಿರ, ವ್ಯಾಪಾರ ನಡೆಸಿದವರಿಗೆ 15 ಸಾವಿರ. ನಷ್ಟವಾದರೆ ಬಂಡವಾಳ ಕರಗುತ್ತದೆ, ನಡೆಸಿದವರ ದುಡಿಮೆ ದಂಡ. ಅವರ ನಿರ್ಲಕ್ಷ್ಯ ಅಥವಾ ಕರಾರು ಮುರಿದದ್ದು ಸಾಬೀತಾದರೆ ಮಾತ್ರ ಅವರೇ ತುಂಬಿಕೊಡಬೇಕು. ಹಾಕಿದ ಅಸಲಿನ ಮೇಲೆ ಶೇ 3 ಎಂದು ಗೊತ್ತುಮಾಡಿದರೆ ಅದು ಇಸ್ಲಾಂ ನಿಷೇಧಿಸಿದ ಬಡ್ಡಿಯೇ, ಮೇಲೆ ಯಾವ ಅರಬ್ಬಿ ಹೆಸರಿದ್ದರೂ.

2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದ ಬೆಂಗಳೂರಿನ ‘ಹಲಾಲ್’ ಹೂಡಿಕೆ ಕಂಪನಿ ಐಎಂಎಯನ್ನು (ಐ ಮಾನಿಟರಿ ಅಡ್ವೈಸರಿ) ನಾವೆಲ್ಲ ‘ಧರ್ಮದ ಹೆಸರಿನ ವಂಚನೆ’ ಎಂದು ಬೈದು ಸುಮ್ಮನಾದೆವು. ಆ ಕಟ್ಟಡದ ಅಡಿಪಾಯ ನೋಡಿದವರು ಕಡಿಮೆ. ಅಲ್ಲಿ ಹೂಡಿಕೆದಾರರನ್ನು ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳ, ಅಂದರೆ ಎಲ್‌ಎಲ್‌ಪಿಗಳ ಪಾಲುದಾರರನ್ನಾಗಿ ಮಾಡಲಾಗಿತ್ತು. ಪಾಲುದಾರರ ಬಂಡವಾಳ ಠೇವಣಿ ಅಲ್ಲ, ಹಾಗಾಗಿ ಠೇವಣಿ ನಿಯಮಗಳ ಹಿಡಿತ ತಪ್ಪುತ್ತದೆ. ವಿಪರ್ಯಾಸವೆಂದರೆ, ಬೇರೆ ಕರಾರಿಲ್ಲದಿದ್ದರೆ ಪಾಲುದಾರರಿಗೆ ಪೂರ್ತಿ ಲೆಕ್ಕ ಒಪ್ಪಿಸಬೇಕೆಂದು 2008ರ ಎಲ್‌ಎಲ್‌ಪಿ ಕಾಯ್ದೆಯ ಮೊದಲ ಅನುಸೂಚಿಯೇ ಹೇಳುತ್ತದೆ. ಸಾಲವನ್ನು ಬರೆದಿಡಿ, ಸಾಕ್ಷಿಗಳಿರಲಿ ಎಂದು ಕುರ್‌ಆನಿನ ಅಲ್ ಬಕರ ಅಧ್ಯಾಯದ 282ನೇ ಸೂಕ್ತವೂ ಹೇಳುತ್ತದೆ. ಎರಡನ್ನೂ ಕೇಳುವವರಿರಲಿಲ್ಲ.

ಹೂಡಿಕೆ ಧರ್ಮಸಮ್ಮತ ಎಂದು ಮೌಲಾನಾ ಕೊಡುವ ಫತ್ವಾ ಪತ್ರ ಪರಿಶೀಲಿಸುವುದು ಒಪ್ಪಂದದ ಕರಡನ್ನು. ಹಣ ಆಮೇಲೆ ಎಲ್ಲಿಗೆ ಹೋಯಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಮಲೇಷ್ಯಾ ಇವೆರಡನ್ನೂ ಬೇರ್ಪಡಿಸಿದೆ. ಅಲ್ಲಿನ ಕೇಂದ್ರ ಬ್ಯಾಂಕಿನ 2019ರ ನೀತಿಯಂತೆ ಪ್ರತಿ ಇಸ್ಲಾಮಿಕ್ ಬ್ಯಾಂಕಿಗೆ ಕನಿಷ್ಠ ಐದು ಜನರ ಶರಿಯಾ ಸಮಿತಿ ಇರಬೇಕು, ಒಬ್ಬರು ಒಂದೇ ಬ್ಯಾಂಕಿನಲ್ಲಿ ಒಂಬತ್ತು ವರ್ಷ ಮೀರಿ ಕೂರುವಂತಿಲ್ಲ. ಸಮಿತಿ ತೀರ್ಪು ಕೊಟ್ಟ ಮೇಲೆ ಅದು ಪಾಲನೆಯಾಗಿದೆಯೇ ಎಂದು ನೋಡಲು ಶರಿಯಾ ಲೆಕ್ಕಪರಿಶೋಧನೆಯ ವಿಭಾಗ ಬೇರೆ. ತಪ್ಪು ಕಂಡರೆ ಆ ವ್ಯವಹಾರ ತಕ್ಷಣ ನಿಲ್ಲಿಸಿ ಕೇಂದ್ರ ಬ್ಯಾಂಕಿಗೆ ತಿಳಿಸಬೇಕು, ಸರಿಪಡಿಸುವ ಯೋಜನೆಯನ್ನು 30 ದಿನದೊಳಗೆ ಕೊಡಬೇಕು. ತಪ್ಪಿದರೆ ಅಲ್ಲಿನ 2013ರ ಇಸ್ಲಾಮಿಕ್ ಹಣಕಾಸು ಸೇವೆಗಳ ಕಾಯ್ದೆಯಡಿ ಎಂಟು ವರ್ಷದವರೆಗೆ ಜೈಲು, 2.5 ಕೋಟಿ ರಿಂಗಿಟ್‌ವರೆಗೆ ದಂಡ, ಅಥವಾ ಎರಡೂ. ಬಹ್ರೇನ್‌ನ ಅಯೋಫಿ (ಇಸ್ಲಾಮಿಕ್ ಹಣಕಾಸು ಸಂಸ್ಥೆಗಳಿಗೆ ಲೆಕ್ಕಪತ್ರದ ನಿಯಮ ರೂಪಿಸುವ ಸಂಸ್ಥೆ) ಮಾನದಂಡ ಇನ್ನೊಂದು ಮುಖ್ಯ ಬಾಗಿಲು ಮುಚ್ಚುತ್ತದೆ: ಶರಿಯಾ ಮೇಲ್ವಿಚಾರಣಾ ಮಂಡಳಿಯ ಮೂವರನ್ನಾದರೂ ಷೇರುದಾರರೇ ವಾರ್ಷಿಕ ಸಭೆಯಲ್ಲಿ ನೇಮಿಸಬೇಕು, ಅವರಲ್ಲಿ ನಿರ್ದೇಶಕರಾಗಲಿ ದೊಡ್ಡ ಷೇರುದಾರರಾಗಲಿ ಇರಕೂಡದು.

ಇಷ್ಟಾದರೂ ಒಂದು ಬಿರುಕು ಉಳಿದೇ ಇದೆ. ಮುದಾರಬಾ ಖಾತೆಯಲ್ಲಿ ಹಣ ಇಟ್ಟವರು ನಷ್ಟ ಹೊರಬೇಕು, ಆದರೆ ಷೇರುದಾರರಂತೆ ಅವರಿಗೆ ಮತವಿಲ್ಲ. ಒಳ್ಳೆಯ ವರ್ಷದ ಲಾಭದಲ್ಲಿ ಸ್ವಲ್ಪ ಮೀಸಲಿಟ್ಟು ಕೆಟ್ಟ ವರ್ಷ ಸಮ ಮಾಡುವ ರೂಢಿಯಿದೆ. ಆ ಮೀಸಲು ಎಷ್ಟು, ಯಾರದು ಎಂದು ತಿಳಿಸದಿದ್ದರೆ ಕುಸಿತ ಹೊರಗೆ ಕಾಣುವುದೇ ಇಲ್ಲ. ಟರ್ಕಿಯ ಬಡ್ಡಿರಹಿತ ಹಣಕಾಸು ಸಂಸ್ಥೆ ಇಹ್ಲಾಸ್ ಫಿನಾನ್ಸ್ 2001ರ ಫೆಬ್ರುವರಿಯಲ್ಲಿ ಪರವಾನಗಿ ಕಳೆದುಕೊಂಡಾಗ ಜನರ ಹಣ ಅದರ ಸ್ವಂತ ಗುಂಪಿನ ಕಂಪನಿಗಳಿಗೆ ಹರಿದಿತ್ತು, ಖಾತೆದಾರರಿಗೆ ಠೇವಣಿ ವಿಮೆಯೂ ಇರಲಿಲ್ಲ.

ನಮ್ಮಲ್ಲಿ ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾವವನ್ನು ರಿಸರ್ವ್ ಬ್ಯಾಂಕ್ 2017ರಲ್ಲೇ ಕೈಬಿಟ್ಟಿದೆ. ಹಾಗಾಗಿ ಮಲೇಷ್ಯಾದಂಥ ಮೇಲ್ವಿಚಾರಣೆ ಇಲ್ಲಿಲ್ಲ. ಕಾಗದ ತೆರೆದು ನೋಡುವ ಕೆಲಸ ಹೂಡುವವರದೇ. ಎಲ್‌ಎಲ್‌ಪಿ ಆದರೆ ಪ್ರತಿ ವರ್ಷ ಮೇ 30ರೊಳಗೆ ಫಾರ್ಮ್ 11 (ವಾರ್ಷಿಕ ವಿವರ), ಅಕ್ಟೋಬರ್ 30ರೊಳಗೆ ಫಾರ್ಮ್ 8 (ಲೆಕ್ಕಪತ್ರ) ಸಲ್ಲಿಸಿರಬೇಕು. ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಪಾಲುದಾರರ ಬಂಡವಾಳ 25 ಲಕ್ಷ ಅಥವಾ ವಹಿವಾಟು 40 ಲಕ್ಷ ಮೀರಿದರೆ ಲೆಕ್ಕಪರಿಶೋಧನೆ ಕಡ್ಡಾಯ. ಫಾರ್ಮ್ 8ರಲ್ಲಿ ತೋರಿಸಿದ ಲಾಭವನ್ನು ವರ್ಷವಿಡೀ ಹಂಚಿದ ಮೊತ್ತದ ಪಕ್ಕ ಇಡಿ. ಹಂಚಿದ್ದೇ ಹೆಚ್ಚಿದ್ದರೆ, ಹಳಬರಿಗೆ ಸಿಕ್ಕಿದ್ದು ಹೊಸಬರ ಬಂಡವಾಳ ಎಂದು ಶಂಕಿಸಲೇಬೇಕು.

ಇಂಥ ಯೋಜನೆಗಳಿಗೆ ಹೆಸರು ಕೊಡುವ ಉಲಮಾಗಳಲ್ಲೂ (ಧರ್ಮವಿದ್ವಾಂಸರಲ್ಲೂ) ಒಂದು ಅರಿಕೆ. ನೇಮಕದ ಪತ್ರ ಹೂಡಿಕೆದಾರರ ಸಭೆಯಿಂದ ಬಂದಿರಲಿ, ಮಾಲೀಕರ ಕೈಯಿಂದಲ್ಲ. ಗೌರವಧನ ಎಷ್ಟೆಂದು ಬಹಿರಂಗವಾಗಲಿ. ಬ್ಯಾಂಕ್ ಖಾತೆ ನೋಡುವ ಹಕ್ಕು, ವರ್ಷಕ್ಕೊಮ್ಮೆ ತಮ್ಮ ವರದಿ ಪ್ರಕಟಿಸುವ ಹಕ್ಕು ಬರಹದಲ್ಲಿರಲಿ. ಇದಕ್ಕೊಪ್ಪದ ಸಂಸ್ಥೆಗೆ ಈಗಾಗಲೇ ಪತ್ರ ಕೊಟ್ಟಿದ್ದರೆ ಲಿಖಿತವಾಗಿ ಹಿಂಪಡೆದು, ಅದರ ಪ್ರತಿಯನ್ನು ಜುಮಾ ದಿನ ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ.

– ಇಬ್ಬರು ಲೆಕ್ಕಪರಿಶೋಧಕರು, ಬೆಂಗಳೂರು