ವೀಸಾ ಮೇಲೆ ಬಂದ ಆಟಗಾರರಿಗೂ ತಮ್ಮ ಸಹಿ ಮಾರುವ ಹಕ್ಕು ಕೊಡಿಸಿ

ಅಮೆರಿಕದ ಸಂಸದ ಶ್ರೀ ಥಾಣೇದಾರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಥಾಣೇದಾರ್ ಅವರೇ, ನಮಸ್ಕಾರ.

ನೀವು ಬೆಳಗಾವಿ ಕಡೆಯಿಂದ 1979ರಲ್ಲಿ ವಿದ್ಯಾರ್ಥಿಯಾಗಿ ಈ ದೇಶಕ್ಕೆ ಬಂದವರು. ವೀಸಾ ಮೇಲೆ ಓದುವವರ ಕಷ್ಟ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಕಾಲೇಜು ತಂಡಗಳಲ್ಲಿ ಆಡುವ ವಿದೇಶಿ ಹುಡುಗ ಹುಡುಗಿಯರು ತಮ್ಮ ಆಟೋಗ್ರಾಫ್ ಮಾರಲು ಇವತ್ತಿಗೂ ಹೆದರುತ್ತಾರೆ. ಅವರ ಪರವಾಗಿ ಈ ಪತ್ರ.

ಮೊದಲು ಈ ಹೆದರಿಕೆ ಎಲ್ಲರಿಗೂ ಇತ್ತು. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ, ಆಟಗಾರರು ತಮ್ಮ ಹೆಸರಿನಿಂದ ಒಂದು ಡಾಲರ್ ಸಂಪಾದಿಸಿದರೂ ತಪ್ಪು ಅನ್ನುತ್ತಿತ್ತು. 2010ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರ ಎ.ಜೆ. ಗ್ರೀನ್ ತಾವು ತೊಟ್ಟು ಆಡಿದ ಜರ್ಸಿಯನ್ನು 1,000 ಡಾಲರಿಗೆ ಮಾರಿದರು. ನಾಲ್ಕು ಪಂದ್ಯ ಹೊರಗೆ ಕೂರಬೇಕಾಯಿತು. 2014ರಲ್ಲಿ ಅದೇ ತಂಡದ ಟಾಡ್ ಗರ್ಲಿ ಸಹಿ ಹಾಕಿಕೊಟ್ಟು 3,000 ಡಾಲರಿಗೂ ಜಾಸ್ತಿ ಪಡೆದರು ಅಂತ ಅವರಿಗೂ ನಾಲ್ಕು ಪಂದ್ಯ ನಿಷೇಧ. ವಾಪಸ್ ಬಂದ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಬಿತ್ತು. ಅವರ ಕಾಲೇಜು ಫುಟ್‌ಬಾಲ್ ಅಲ್ಲಿಗೇ ಮುಗಿಯಿತು. ಆ ವಿಷಯ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆಟಗಾರರನ್ನು ತಡೆಯುತ್ತಿದ್ದ ಎನ್‌ಸಿಎಎ ಮಾತ್ರ ತಾನೇ ಮಾರುತ್ತಿತ್ತು: 2013ರಲ್ಲಿ ಅದರ ಆನ್‌ಲೈನ್ ಅಂಗಡಿಯಲ್ಲಿ ಆಟಗಾರನ ಹೆಸರು ಹುಡುಕಿದರೆ ಅವನ ನಂಬರಿನ ಜರ್ಸಿ ಮಾರಾಟಕ್ಕೆ ಸಿಗುತ್ತಿತ್ತು!

2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಪ್ರಕರಣದಲ್ಲಿ, ಆಟಗಾರರಿಗೆ ಕೊಡುವ ಓದಿನ ಸೌಲಭ್ಯಗಳಿಗೆ ಎನ್‌ಸಿಎಎ ಮಿತಿ ಹಾಕುವಂತಿಲ್ಲ ಅಂತ 9-0 ತೀರ್ಪು ಕೊಟ್ಟಿತು. ಹತ್ತೇ ದಿನದಲ್ಲಿ, ಜುಲೈ 1ರಂದು, ಆಟಗಾರರು ತಮ್ಮ ಹೆಸರಿನಿಂದ ಸಂಪಾದಿಸಬಹುದು ಅಂತ ಎನ್‌ಸಿಎಎ ನಿಯಮ ಸಡಿಲಿಸಿತು. ನಮ್ಮ ಮಿಷಿಗನ್ ರಾಜ್ಯವಂತೂ 2020ರ ಕೊನೆಯಲ್ಲೇ ಇದಕ್ಕೆ ಕಾನೂನು ಮಾಡಿತ್ತು.

ಆದರೆ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದ ನಿಯಮ ಬದಲಾಗಲಿಲ್ಲ. ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ದುಡಿದರೆ ಇಲ್ಲಿರುವ ಹಕ್ಕೇ ಹೋಗುತ್ತದೆ. ಕೂತು ಸಹಿ ಹಾಕಿ ಹಣ ಪಡೆಯುವುದು ದುಡಿಮೆಯೋ ಅಲ್ಲವೋ? ಧೈರ್ಯವಾಗಿ ಹೇಳುವವರಿಲ್ಲ. ಹಾಗಾಗಿ ಪಂದ್ಯ ಗೆದ್ದ ಮೇಲೆ ಒಬ್ಬರು ಟೇಬಲ್ ಹಾಕಿ ಸಹಿ ಮಾರುತ್ತಾರೆ, ಅದೇ ತಂಡದ ಇನ್ನೊಬ್ಬರು ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಕೆಂಟಕಿ ವಿಶ್ವವಿದ್ಯಾಲಯದ ಆಸ್ಕರ್ ಚಿಬ್ವೆ ಕಾಂಗೋ ದೇಶದವರು, 2022ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ. ಅಮೆರಿಕದ ಹೊರಗೆ ದುಡಿದರೆ ಈ ವೀಸಾ ಅಡ್ಡಿಯಾಗದು ಅಂತ, ತಮ್ಮ ಹೆಸರಿನಿಂದ ಸಂಪಾದಿಸಲು ಅವರು ತಂಡದ ಬಹಾಮಾಸ್ ಪ್ರವಾಸ ಬರುವ ತನಕ ಕಾಯಬೇಕಾಯಿತು. ಇದು ನ್ಯಾಯ ಅಲ್ವಲ್ಲ?

ಇದನ್ನು ರಾಜ್ಯಗಳು ಸರಿ ಮಾಡಲಾರವು, ಕಾಲೇಜುಗಳೂ ಮಾಡಲಾರವು. ವೀಸಾ ನಿಮ್ಮ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಕೈಯಲ್ಲಿದೆ. ನಾನು ವಿನಾಯಿತಿ ಕೇಳುತ್ತಿಲ್ಲ. 600 ಡಾಲರ್ ಮೀರಿದ ಇಂಥ ಒಪ್ಪಂದಗಳನ್ನು ಈಗ ಎನ್‌ಸಿಎಎಯ ಮೇಲಿನ ದರ್ಜೆಯ (ಡಿವಿಷನ್ 1) ಆಟಗಾರರು ವರದಿ ಮಾಡಬೇಕು, ಇವರೂ ಮಾಡಲಿ. ತೆರಿಗೆಯನ್ನೂ ಕಟ್ಟಲಿ. ತನ್ನ ಹೆಸರು, ಚಿತ್ರ, ಸಹಿಯಿಂದ ಬಂದ ಹಣಕ್ಕೆ ಎಫ್-1 ವೀಸಾ ಅಡ್ಡಿಯಲ್ಲ ಅಂತ ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದರೆ ಸಾಕು. ಆ ತಿದ್ದುಪಡಿಯನ್ನು ನೀವೇ ಮಂಡಿಸಿ. ಎರಡೂ ಪಕ್ಷದವರ ಸಹಿ ಬೇಕಾದರೆ, ಅವರವರ ಕ್ಷೇತ್ರದ ಕನ್ನಡಿಗರಿಂದ ಪತ್ರ ಬರೆಸುವ ಕೆಲಸ ನಾವು ಮಾಡುತ್ತೇವೆ.

ಇಂತಿ,
ಮಿಷಿಗನ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ