ಡಾಂಗಲ್ ಯಾರ ಕಿಸೆಯಲ್ಲಿದೆ?

ಮಾನ್ಯರೇ,

ಗ್ರಾಮ ಪಂಚಾಯಿತಿಗಳಿಗೆ ಇನ್ನಷ್ಟು ಅಧಿಕಾರ ಬೇಕೆಂಬ ಮಾತು ಚುನಾವಣೆ ಹತ್ತಿರ ಬಂದಾಗಲೆಲ್ಲ ಕೇಳಿಬರುತ್ತದೆ. ಇರುವ ಅಧಿಕಾರವನ್ನು ಚಲಾಯಿಸುವವರು ಯಾರೆಂಬುದನ್ನು ಸದಸ್ಯೆಯಾಗಿದ್ದಾಗ ಕಂಡಿದ್ದೇನೆ. ಬಿಲ್ ಪಾವತಿಗೆ ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇಬ್ಬರ ಡಿಜಿಟಲ್ ಸಹಿಯೂ ಬೇಕು. ಆ ಸಹಿ ಹಾಕಲು ಕಂಪ್ಯೂಟರಿಗೆ ಸಿಕ್ಕಿಸುವ ಪೆನ್‌ಡ್ರೈವ್‌ನಂಥ ಸಾಧನವೇ ಡಾಂಗಲ್. ನಮ್ಮ ಅಧ್ಯಕ್ಷೆಯ ಡಾಂಗಲ್ ಇರುತ್ತಿದ್ದುದು ಅವರ ಗಂಡನ ಕಿಸೆಯಲ್ಲಿ. ಸಭೆ ಮುಗಿದ ಎಷ್ಟೋ ದಿನಗಳ ಮೇಲೆ ನಡಾವಳಿ ಪುಸ್ತಕ ಮನೆಗೆ ಬರುತ್ತಿತ್ತು. 'ಇಲ್ಲೊಂದು ಸಹಿ ಹಾಕಿಬಿಡಿ ಅಕ್ಕಾ' ಎಂದರೆ ಮುಗಿಯಿತು. ಓದಿ ನೋಡುತ್ತೇನೆ ಎಂದವಳು ತಕರಾರಿನವಳು!

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಆದರೆ 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದದ್ದರಲ್ಲೂ ಗ್ರಾಮಸಭೆ ಕೇಳಿದ್ದೊಂದು, ಕ್ರಿಯಾಯೋಜನೆಯಲ್ಲಿ ಬಂದದ್ದು ಇನ್ನೊಂದು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗಂತೂ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ಪಾವತಿಗಳ ಪಟ್ಟಿಯನ್ನು ಪ್ರತಿ ತಿಂಗಳು ಪಂಚಾಯಿತಿ ಗೋಡೆಗೆ ಅಂಟಿಸಬೇಕು, ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಡಾಂಗಲ್ ಬಳಸುವಾಗ ಅಧ್ಯಕ್ಷೆ ಖುದ್ದು ಕಚೇರಿಯಲ್ಲಿರಬೇಕು. ಇವೆರಡಕ್ಕೂ ಕಾಯ್ದೆ ತಿದ್ದಬೇಕಾಗಿಲ್ಲ, ಒಂದು ಸುತ್ತೋಲೆ ಸಾಕೆಂದು ನನ್ನ ಅನಿಸಿಕೆ.

– ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ