ಜನವರಿಯ ನೆಲವನ್ನು ಪಾಳು ಎಂದು ಬರೆದವರಿಗೆ

ಮಾನ್ಯ ಕೌನ್ಸಿಲರ್ ಅವರಿಗೆ ನಮಸ್ಕಾರಗಳು.

ಈ ಪತ್ರದ ಇಂಗ್ಲಿಷ್ ಪ್ರತಿ ಹೋದ ವಾರವೇ ನಿಮ್ಮ ಕಚೇರಿ ತಲುಪಿದೆ. ಮತ್ತೆ ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯುತ್ತಿರುವುದು ನಿಮ್ಮ ವಾರ್ಡಿನಲ್ಲಿರುವ ನಮ್ಮವರಿಗಾಗಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಂಗ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ. ಈ ನೆಪದಲ್ಲಿ ಅದೂ ಗೊತ್ತಾಗಲಿ.

ವಿಷಯ, ರೈಲುಹಳಿಯ ಪಕ್ಕದ ನಮ್ಮ ಸಮುದಾಯ ಅಲಾಟ್‌ಮೆಂಟಿನದು, ಅಂದರೆ ತರಕಾರಿ ಬೆಳೆದುಕೊಳ್ಳಲು ಕೌನ್ಸಿಲ್ ಬಾಡಿಗೆಗೆ ಕೊಡುವ ತುಂಡು ನೆಲದ್ದು. ಜನವರಿಯ ಮೊದಲ ವಾರ ಬಂದ ತಪಾಸಣಾಧಿಕಾರಿ ಬೇಲಿಯಾಚೆ ನಿಂತು ಎರಡು ಫೋಟೊ ತೆಗೆದುಕೊಂಡು ಹೋದರು. ಹತ್ತೇ ದಿನಕ್ಕೆ ನೋಟಿಸ್ ಬಂತು: ಸಾಗುವಳಿ ಕಂಡುಬಂದಿಲ್ಲ. ಮಾರ್ಚ್ ಒಳಗೆ ಸರಿಪಡಿಸದಿದ್ದರೆ ನೆಲವನ್ನು ವಾಪಸು ಪಡೆದು ಕಾಯುವ ಪಟ್ಟಿಯಲ್ಲಿರುವವರಿಗೆ ಹಂಚಲಾಗುತ್ತದಂತೆ.

ಪಟ್ಟಿ ಉದ್ದವಿದೆ, ಒಪ್ಪುತ್ತೇನೆ. ನಾನೇ ನಾಲ್ಕು ವರ್ಷ ಕಾದು, ಸರದಿ ಬಾರದೆ, ಇಲ್ಲಿ ಸ್ವಯಂಸೇವಕಿಯಾಗಿ ಸೇರಿದವಳು. ಪಾಳು ಬಿಟ್ಟವರಿಂದ ನೆಲ ಬಿಡಿಸಿ ಕಾಯುವವರಿಗೆ ಕೊಡುವುದು ನ್ಯಾಯವೇ. ಆದರೆ ಯಾವುದು ಪಾಳು ಎಂದು ಜನವರಿಯಲ್ಲಿ ಬೇಲಿಯ ಹೊರಗಿನಿಂದ ಹೇಳಲು ಬರುವುದಿಲ್ಲ.

ನಾನು ಹಾಸನದ ಕಡೆಯ ಒಕ್ಕಲು ಮನೆಯವಳು. ನಮ್ಮಲ್ಲಿ ಮಾಗಿ ಉಳುಮೆ ಎಂಬುದಿದೆ. ಕೊಯ್ಲು ಮುಗಿದು ಹೊಲ ಬೋಳಾಗಿ ಬಿದ್ದಿರುವಾಗ ನೇಗಿಲು ಹೂಡಿ ಮಣ್ಣು ಮಗುಚುತ್ತಾರೆ. ಹುಳುವಿನ ಮೊಟ್ಟೆ, ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗೂ ಸಿಕ್ಕಲಿ, ಮೊದಲ ಮಳೆ ಒಳಗಿಳಿಯಲಿ ಎಂದು. ದಾರಿಹೋಕರಿಗೆ ಆಗ ಹೊಲದಲ್ಲಿ ಏನೂ ಕಾಣುವುದಿಲ್ಲ. ವರ್ಷದ ಅರ್ಧ ಕೆಲಸ ಆಯಿತು ಎಂದು ನನ್ನ ಅಜ್ಜ ಎತ್ತು ಬಿಚ್ಚುತ್ತಿದ್ದರು. ಇಲ್ಲಿ ಬಿಸಿಲಿನ ಕೆಲಸವನ್ನು ಹಿಮ ಮಾಡುತ್ತದೆ. ನವೆಂಬರಿನಲ್ಲಿ ಅಗೆದು ಬಿಟ್ಟ ಜೇಡಿಮಣ್ಣಿನ ಹೆಂಟೆ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ, ಬಿತ್ತನೆಯ ಹೊತ್ತಿಗೆ ಕೈಯಲ್ಲೇ ಪುಡಿಯಾಗುತ್ತದೆ.

ನಿಮ್ಮವರ ಫೋಟೊದಲ್ಲಿರುವ ಕಪ್ಪು ಹಾಳೆ ಕಸವಲ್ಲ. ಬೆಳಕು ತಪ್ಪಿಸಿ ಗರಿಕೆಯಂಥ ಹಟಮಾರಿ ಕಳೆಯನ್ನು ಸಾಯಿಸಲು ನಾವೇ ಹೊದಿಸಿದ್ದು. ಅದರ ಪಕ್ಕದ ಎಲೆಯ ರಾಶಿಯ ಅಡಿ ಅಕ್ಟೋಬರಿನಲ್ಲಿ ಊರಿದ ಬೆಳ್ಳುಳ್ಳಿ ಇದೆ. ಚಳಿ ಬಡಿಯದಿದ್ದರೆ ಅದರ ಗೆಡ್ಡೆ ಸರಿಯಾಗಿ ಎಸಳೊಡೆಯುವುದಿಲ್ಲ. ನಲ್ಲಿಯ ಕೊಳವೆ ಒಡೆಯದಿರಲೆಂದು ನವೆಂಬರಿನಲ್ಲೇ ನೀರು ನಿಲ್ಲಿಸಿದವರು ನೀವೇ. ಅಂದಮೇಲೆ ಇದು ಚಳಿಗಾಲ ಎಂಬುದು ಕೌನ್ಸಿಲ್‌ನಲ್ಲಿ ಯಾರಿಗಾದರೂ ಗೊತ್ತಿರಬೇಕಲ್ಲ!

ಕಳೆದ ಶನಿವಾರದ ಮಾತು. ಗೇಟಿನ ಬೀಗ ಹಿಮ ಹಿಡಿದು ತಿರುಗಲಿಲ್ಲ. ನಿವೃತ್ತ ಬಸ್ ಚಾಲಕರೊಬ್ಬರು ಫ್ಲಾಸ್ಕಿನ ಚಹಾವನ್ನೇ ಅದರ ಮೇಲೆ ಸುರಿದರು. ಹಾಲು ಹಾಕಿದ ಚಹಾ. ಬೀಗ ಇಂದಿಗೂ ಅಂಟಂಟು. ಒಳಗೆ ಗೊಬ್ಬರದ ರಾಶಿ ಮಗುಚಿದಾಗ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಎದ್ದಿತು. ಎಲ್ಲರೂ ಸನಿಕೆ ಬಿಟ್ಟು ಅಲ್ಲೇ ಕೈ ಕಾಯಿಸಿಕೊಂಡೆವು. ಕೆಂಪು ಎದೆಯ ರಾಬಿನ್ ಒಂದು ಮಾರು ದೂರದಲ್ಲಿ ಎರೆಹುಳಕ್ಕೆ ಕಾದು ಕುಳಿತಿತ್ತು. ಆಮೇಲೆ ಇಬ್ಬರು ನೆಲ್ಲಿಕಾಯಿಯ ಸೋದರನಂತಿರುವ ಗೂಸ್‌ಬೆರಿಯ ಕೊಂಬೆ ಸವರಿದರು, ಉಳಿದವರು ಕಾಲುದಾರಿಗೆ ಮರದ ಚೂರು ಹರಡಿದರು. ಹೊರಡುವಾಗ ಕಿತ್ತ, ಈರುಳ್ಳಿ ಜಾತಿಯ ಲೀಕ್, ಬಿಳಿ ಗಜ್ಜರಿಯಂಥ ಪಾರ್ಸ್ನಿಪ್ ಎರಡು ಕ್ರೇಟು ತುಂಬಿ ಆಹಾರ ಬ್ಯಾಂಕಿಗೆ ಹೋದವು. ಹಿಮ ಬಿದ್ದ ಮೇಲೆ ಪಾರ್ಸ್ನಿಪ್‌ನ ಪಿಷ್ಟ ಸಕ್ಕರೆಯಾಗುತ್ತದೆ. ಸಾರಿಗೆ ಹಾಕಿ ನೋಡಿದ್ದೇನೆ, ಗೆಣಸಿನ ತಂಗಿ.

ಪ್ರತಿ ವಾರ ತಪ್ಪದೆ ಬರುವ ವೃದ್ಧರೊಬ್ಬರು ಹೆಚ್ಚು ಕೆಲಸ ಮಾಡುವುದಿಲ್ಲ. ಶೆಡ್ಡಿನ ಗ್ಯಾಸ್ ಒಲೆಯ ಹತ್ತಿರ ಕುಳಿತು ಬೀಜದ ಪೊಟ್ಟಣ ವಿಂಗಡಿಸುತ್ತಾರೆ. ಮನೆಯಲ್ಲಿ ಹೀಟರ್ ಹಾಕುವುದು ಸಂಜೆ ಮಾತ್ರವಂತೆ.

ನೆಲ ಕಾರು ನಿಲ್ದಾಣವಾದೀತು ಎಂಬ ಗುಮಾನಿ ನನಗಿಲ್ಲ. ಅಲಾಟ್‌ಮೆಂಟಿಗೆಂದೇ ಕೊಂಡ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ ಎಂದು 1925ರ ಕಾಯ್ದೆಯೇ ಹೇಳುತ್ತದೆ. ನನ್ನ ಚಿಂತೆ ಬೇರೆ. ಒಂದು ಪೂರ್ಣ ಅಲಾಟ್‌ಮೆಂಟ್ ಎಂದರೆ ಇಲ್ಲಿಯ ಹಳೆಯ ಅಳತೆಯಲ್ಲಿ ಹತ್ತು ರಾಡ್, ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗುಂಟೆ. ಅದನ್ನು ನಾಲ್ಕು ತುಂಡು ಮಾಡಿ ಹಂಚಿದರೆ ನಿಮ್ಮ ಪಟ್ಟಿಯಲ್ಲಿ ನಾಲ್ಕು ಹೆಸರು ಇಳಿಯುತ್ತವೆ. ಶನಿವಾರ ಬರುವ ನಾವು ಹದಿನಾಲ್ಕು ಜನ ಹೋಗುವುದೆಲ್ಲಿಗೆ?

ನೋಟಿಸ್ ಹಿಂಪಡೆಯಿರಿ. ತಪಾಸಣೆ ಬೇಡವೆನ್ನುವುದಿಲ್ಲ, ಮೇ ತಿಂಗಳಿಗೆ ಇಟ್ಟುಕೊಳ್ಳಿ. ಚಳಿಗಾಲದಲ್ಲೇ ನೋಡಬೇಕೆಂದರೆ ಬೇಲಿ ದಾಟಿ ಒಳಗೆ ಬರಲು ನಿಮ್ಮ ಅಧಿಕಾರಿಗೆ ಹೇಳಿ. ನೀವೂ ಬನ್ನಿ. ಶನಿವಾರ ಒಂಬತ್ತಕ್ಕೆ ಗೇಟು ತೆರೆದಿರುತ್ತದೆ, ಬೀಗ ತಿರುಗಿದರೆ. ಕೈಗವಸು ನಮ್ಮಲ್ಲಿ ಹೆಚ್ಚುವರಿ ಇವೆ. ಬೂಟು ಮಾತ್ರ ನೀವೇ ತರಬೇಕು.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರಳು